ಒಂದು ಡಾಲರಿನ ಒಪ್ಪಂದ, ಎಂಬತ್ತು ವರ್ಷದ ವಿದ್ಯಾರ್ಥಿವೇತನ

ಅಮೆರಿಕದ ದಕ್ಷಿಣ ಭಾಗದ ಒಂಬತ್ತು ರಾಜ್ಯಗಳಲ್ಲಿ, ಕಾಲೇಜು ಫೀಸು ಹೊಂದಿಸಲು ಕಷ್ಟಪಡುವ ಹೆಣ್ಣುಮಕ್ಕಳಿಗೆ ಒಂದು ವಿದ್ಯಾರ್ಥಿವೇತನ ಸಿಗುತ್ತದೆ. ಅದಕ್ಕೆ ಕೋಕಾ-ಕೋಲಾ ಬಾಟ್ಲಿಂಗ್ ವ್ಯವಹಾರ ನಡೆಸಿದ ಲೆಟ್ಟಿ ಪೇಟ್ ವೈಟ್‌ಹೆಡ್ ಅವರ ಹೆಸರು. ನರ್ಸಿಂಗ್ ಓದುವವರು, ಟೀಚರ್ ಆಗಲು ಹೊರಟವರು, ಅಕೌಂಟಿಂಗ್ ಮತ್ತು ಬಿಸಿನೆಸ್ ಓದುವವರು ಹೀಗೆ ಬೇರೆ ಬೇರೆ ಕೋರ್ಸಿನವರು ಅದನ್ನು ಪಡೆಯುತ್ತಾರೆ. ಅದರ ಹಿಂದಿರುವ ಪ್ರತಿಷ್ಠಾನ ಹುಟ್ಟಿದ್ದು 1946ರಲ್ಲಿ. ಎಂಬತ್ತು ವರ್ಷದಿಂದ ಹಣ ಹಂಚುತ್ತಲೇ ಬಂದಿದ್ದರೂ ಗಂಟು ಖಾಲಿಯಾಗಿಲ್ಲ, ಬೆಳೆದಿದೆ.

ಇದು ಹೇಗೆ ಸಾಧ್ಯ? ಯಾರೋ ಶ್ರೀಮಂತರು ವಿದ್ಯಾರ್ಥಿವೇತನಕ್ಕೆ ಹಣ ಕೊಟ್ಟರು ಎಂದರೆ, ಒಂದು ದೊಡ್ಡ ಚೆಕ್ ಬರೆದರು ಎಂದು ನಾವು ಅಂದುಕೊಂಡು ಸುಮ್ಮನಾಗುತ್ತೇವೆ. ಚೆಕ್ ಬರೆಯುವುದು ಆ ಕೆಲಸದಲ್ಲಿ ಸುಲಭದ ಭಾಗ. ಹಣವನ್ನು ಯಾವ ರೂಪದಲ್ಲಿ ಇಡಬೇಕು, ವರ್ಷಕ್ಕೆ ಎಷ್ಟು ತೆಗೆಯಬೇಕು, ಯಾರು ಆಯ್ಕೆ ಮಾಡಬೇಕು, ಷರತ್ತು ಎಷ್ಟು ಬಿಗಿಯಿರಬೇಕು ಎಂಬ ಪ್ರಶ್ನೆಗಳಿಗೆ ಮೊದಲೇ ಸರಿಯಾದ ಉತ್ತರ ಸಿಗದಿದ್ದರೆ, ದಾನಿ ಸತ್ತ ಇಪ್ಪತ್ತು ವರ್ಷದಲ್ಲಿ ದಾನವೂ ಸಾಯುತ್ತದೆ. ಲೆಟ್ಟಿ ಅವರ ಕಥೆಯಲ್ಲಿ ಈ ಉತ್ತರಗಳೆಲ್ಲ ಒಂದೊಂದಾಗಿ ಕಾಣುತ್ತವೆ. ನನಗೆ ಅವರ ಬಗ್ಗೆ ಇಷ್ಟು ಆಸಕ್ತಿ ಹುಟ್ಟಿದ್ದೂ ಅದಕ್ಕೇ.

ಹಣ ಎಲ್ಲಿಂದ ಬಂತು

1899ರ ಜುಲೈನಲ್ಲಿ ಟೆನೆಸಿ ರಾಜ್ಯದ ಚಟನೂಗಾ ಊರಿನ ಇಬ್ಬರು ವಕೀಲರು, ಬೆಂಜಮಿನ್ ಥಾಮಸ್ ಮತ್ತು ಜೋಸೆಫ್ ವೈಟ್‌ಹೆಡ್, ಅಟ್ಲಾಂಟಾಕ್ಕೆ ಹೋಗಿ ಕೋಕಾ-ಕೋಲಾ ಕಂಪನಿಯ ಯಜಮಾನ ಏಸಾ ಕ್ಯಾಂಡ್ಲರ್ ಅವರನ್ನು ಭೇಟಿಯಾದರು. ಆಗ ಕೋಕಾ-ಕೋಲಾ ಸಿಗುತ್ತಿದ್ದುದು ಮುಖ್ಯವಾಗಿ ಸೋಡಾ ಅಂಗಡಿಗಳಲ್ಲಿ, ಗ್ಲಾಸಿಗೆ ಐದು ಸೆಂಟಿನಂತೆ. ಬಾಟಲಿಯಲ್ಲಿ ತುಂಬಿ ಮಾರುವ ವ್ಯಾಪಾರದಲ್ಲಿ ಕ್ಯಾಂಡ್ಲರ್‌ಗೆ ನಂಬಿಕೆ ಇರಲಿಲ್ಲ. ಬೇಕಿದ್ದರೆ ನೀವೇ ಮಾಡಿಕೊಳ್ಳಿ ಎಂದು ದೇಶದ ಬಹುಭಾಗದ ಬಾಟಲಿ ಹಕ್ಕನ್ನು ಒಂದೇ ಒಂದು ಡಾಲರಿಗೆ ಬರೆದುಕೊಟ್ಟುಬಿಟ್ಟರು. ಆ ಒಂದು ಡಾಲರನ್ನೂ ಅವರು ವಸೂಲಿ ಮಾಡಲಿಲ್ಲ ಎಂಬುದು ಕಂಪನಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಮಾತು.

ಆ ಒಪ್ಪಂದದಲ್ಲಿ ಎರಡು ವಿಷಯ ಗಮನಿಸಬೇಕು. ಅದಕ್ಕೆ ಮುಗಿಯುವ ದಿನಾಂಕ ಇರಲಿಲ್ಲ. ಕಂಪನಿ ಕೊಡುವ ಸಿರಪ್ಪಿನ ಬೆಲೆಯೂ ಗೊತ್ತುಮಾಡಿದ್ದಾಗಿತ್ತು. ಹಕ್ಕು ಸಿಕ್ಕಿದರೂ ಕಾರ್ಖಾನೆ ಕಟ್ಟಲು ವೈಟ್‌ಹೆಡ್ ಕೈಯಲ್ಲಿ ದುಡ್ಡಿರಲಿಲ್ಲ. ಜಾನ್ ಲಪ್ಟನ್ ಎಂಬ ಮತ್ತೊಬ್ಬ ವಕೀಲರಿಗೆ 2,500 ಡಾಲರಿಗೆ ಅರ್ಧ ಪಾಲು ಕೊಟ್ಟರು. ಥಾಮಸ್ ಮತ್ತು ವೈಟ್‌ಹೆಡ್ ಪ್ರದೇಶ ಹಂಚಿಕೊಂಡು ಬೇರೆಯಾದರು. ಊರೂರಿನಲ್ಲಿ ಬಾಟಲಿ ತುಂಬಲು ಸ್ಥಳೀಯ ವ್ಯಾಪಾರಿಗಳಿಗೆ ಹಕ್ಕು ಕೊಟ್ಟು, ತಾವು ನಡುವೆ ನಿಂತು ಸಿರಪ್ ಒದಗಿಸಿ, ಗ್ಯಾಲನ್ನಿಗೆ ಇಷ್ಟೆಂದು ಲಾಭ ಇಟ್ಟುಕೊಳ್ಳುವುದು ಅವರ ವ್ಯವಹಾರವಾಯಿತು. 1909ರ ಹೊತ್ತಿಗೆ ಸುಮಾರು 400 ಬಾಟ್ಲಿಂಗ್ ಘಟಕಗಳು ಎದ್ದಿದ್ದವು.

ಅಷ್ಟನ್ನು ನೋಡಲು ಜೋಸೆಫ್ ಇರಲಿಲ್ಲ. 1906ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಹೆಂಡತಿ ಲೆಟ್ಟಿಗೆ ಆಗ 34 ವರ್ಷ, ಇಬ್ಬರು ಗಂಡುಮಕ್ಕಳು. ವರ್ಜೀನಿಯಾದ ಬೆಡ್‌ಫರ್ಡ್ ಕೌಂಟಿಯಲ್ಲಿ 1872ರಲ್ಲಿ ಹುಟ್ಟಿ ಬೆಳೆದ ಹೆಂಗಸು. ಅಮೆರಿಕದ ಹೆಂಗಸರಿಗೆ ದೇಶದ ಎಲ್ಲೆಡೆ ಓಟಿನ ಹಕ್ಕು ಬರಲು ಇನ್ನೂ 14 ವರ್ಷ ಬಾಕಿ ಇದ್ದ ಕಾಲ ಅದು. ಗಂಡನ ಪಾಲನ್ನು ಮಾರಿ, ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟು ಮಕ್ಕಳನ್ನು ಸಾಕಬಹುದಿತ್ತು. ವಿಧವೆಯರಿಗೆ ಎಲ್ಲ ಕಡೆಯೂ ಕೊಡುವ ಸಲಹೆ ಅದೇ. ಲೆಟ್ಟಿ ವ್ಯವಹಾರವನ್ನು ತಾವೇ ಕೈಗೆತ್ತಿಕೊಂಡರು. ಆಸ್ತಿ ನೋಡಿಕೊಳ್ಳಲು ಒಂದು ಹೋಲ್ಡಿಂಗ್ ಕಂಪನಿ, ಒಂದು ರಿಯಲ್ ಎಸ್ಟೇಟ್ ಕಂಪನಿ ಕಟ್ಟಿದರು. 1913ರಲ್ಲಿ ಕೆನಡಾ ಸೈನ್ಯದಿಂದ ನಿವೃತ್ತರಾದ ಆರ್ಥರ್ ಕೆಲ್ಲಿ ಇವಾನ್ಸ್ ಅವರನ್ನು ಮದುವೆಯಾದರು. ಹೆಸರಿನ ಕೊನೆಗೆ ಇವಾನ್ಸ್ ಸೇರಿತು. ವ್ಯವಹಾರದ ಹಿಡಿತ ಮಾತ್ರ ಅವರ ಕೈಯಲ್ಲೇ ಉಳಿಯಿತು.

ಮೊದಲ ಮಹಾಯುದ್ಧದ ನಂತರ ಸಕ್ಕರೆ ಬೆಲೆ ಗಗನಕ್ಕೇರಿದಾಗ, ಗೊತ್ತುಮಾಡಿದ ಬೆಲೆಗೆ ಸಿರಪ್ ಕೊಡುವ ಹಳೆಯ ಒಪ್ಪಂದ ಕೋಕಾ-ಕೋಲಾ ಕಂಪನಿಗೆ ಹೊರೆಯಾಯಿತು. ಅದನ್ನು ಮುರಿಯಲು ಹೊರಟ ಕಂಪನಿಯ ಮೇಲೆ 1920ರಲ್ಲಿ ಬಾಟ್ಲಿಂಗ್ ಹಕ್ಕುದಾರರು ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಯಿತು. ಹಕ್ಕು ಶಾಶ್ವತವಾಗಿ ಉಳಿಯಿತು, ಸಿರಪ್ಪಿನ ಬೆಲೆ ಸಕ್ಕರೆ ಬೆಲೆಗೆ ತಕ್ಕಂತೆ ಏರಿಳಿಯುವ ಹಾಗಾಯಿತು.

ನನ್ನ ಲೆಕ್ಕದಲ್ಲಿ ನಿರ್ಣಾಯಕ ವರ್ಷ 1934. ಲೆಟ್ಟಿ ತಮ್ಮ ಬಾಟ್ಲಿಂಗ್ ಹಿತಾಸಕ್ತಿಯನ್ನು ಕೋಕಾ-ಕೋಲಾ ಕಂಪನಿಗೆ ಬಿಟ್ಟುಕೊಟ್ಟರು. ಪ್ರತಿಯಾಗಿ ಪಡೆದದ್ದು ಕಂಪನಿಯ ಷೇರು. ಆಗ ಅಮೆರಿಕ ಮಹಾ ಆರ್ಥಿಕ ಕುಸಿತದ ನಡುವೆ ಇತ್ತು. 1929ರಲ್ಲಿ ಷೇರು ಪೇಟೆ ಮುಗ್ಗರಿಸಿದ ನೆನಪು ಎಲ್ಲರಿಗೂ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ ನಗದಿನ ಬದಲು ಷೇರು ಹಿಡಿದು ಕೂರಲು ಗಟ್ಟಿ ಎದೆ ಬೇಕು. ಅದೇ ವರ್ಷ ಅವರನ್ನು ಕಂಪನಿಯ ನಿರ್ದೇಶಕ ಮಂಡಳಿಗೆ ತೆಗೆದುಕೊಂಡರು. ದೊಡ್ಡ ಅಮೆರಿಕನ್ ಕಂಪನಿಯೊಂದರ ನಿರ್ದೇಶಕಿಯಾದ ಮೊದಲ ಕೆಲವೇ ಹೆಂಗಸರಲ್ಲಿ ಅವರೊಬ್ಬರು. 1953ರಲ್ಲಿ ಸಾಯುವ ತನಕ ಆ ಸ್ಥಾನದಲ್ಲಿದ್ದರು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ತನ್ನ ಎರಡು ವರ್ಷದ ಎಂಬಿಎ ತರಗತಿಗೆ ಹೆಂಗಸರನ್ನು ಮೊದಲ ವರ್ಷದಿಂದಲೇ ಸೇರಿಸಿಕೊಂಡದ್ದು 1963ರಲ್ಲಿ, ಅಂದರೆ ಅವರು ತೀರಿಕೊಂಡ ಹತ್ತು ವರ್ಷದ ಮೇಲೆ.

ಇಬ್ಬರು ಮಕ್ಕಳೂ ತಾಯಿಗಿಂತ ಮೊದಲೇ ಹೋದರು. ಜೋಸೆಫ್ 1935ರಲ್ಲಿ, ಕಾಂಕಿ 1940ರಲ್ಲಿ. ಹಿರಿಯನ ಉಯಿಲಿನಿಂದ ತಂದೆಯ ಹೆಸರಿನ ಪ್ರತಿಷ್ಠಾನ ಹುಟ್ಟಿತು, ಕಿರಿಯನ ಉಯಿಲಿನಿಂದ ತಾಯಿಯ ಹೆಸರಿನದು. ಲೆಟ್ಟಿ ಪೇಟ್ ವೈಟ್‌ಹೆಡ್ ಫೌಂಡೇಶನ್ ಹೀಗೆ ಸತ್ತ ಮಗನ ಆಸ್ತಿಯಿಂದ, ಬದುಕಿದ್ದ ತಾಯಿಯ ಹೆಸರಿನಲ್ಲಿ ಶುರುವಾಯಿತು. ಲೆಟ್ಟಿ ತಾವಾಗಿ 1945ರಲ್ಲಿ ಇನ್ನೊಂದು ಪ್ರತಿಷ್ಠಾನ ಮಾಡಿದ್ದರು. ಉಳಿದ ಆಸ್ತಿಯಲ್ಲೂ ಬಹುಪಾಲು ಅವರ ಮರಣಾನಂತರ ಇಂಥ ಕೆಲಸಗಳಿಗೇ ಸೇರಿತು.

ಅಸಲು, ಬಡ್ಡಿ ಮತ್ತು ಬೆಲೆಯೇರಿಕೆ

ನಮ್ಮಲ್ಲಿ ದತ್ತಿನಿಧಿ ಎಂಬ ಏರ್ಪಾಡು ಎಲ್ಲರಿಗೂ ಗೊತ್ತು. ಅಸಲನ್ನು ಮುಟ್ಟಬಾರದು, ಬಡ್ಡಿಯಲ್ಲಿ ಬಹುಮಾನವನ್ನೋ ಪದಕವನ್ನೋ ಕೊಡಬೇಕು. ಕೇಳಲು ಭದ್ರವಾಗಿದೆ. ಆದರೆ ಐವತ್ತು ಅರವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಪ್ರೀತಿಯಿಂದ ಇಟ್ಟ ಕೆಲವು ಸಾವಿರ ರೂಪಾಯಿಯ ಬಡ್ಡಿಯಲ್ಲಿ ಇವತ್ತು ಚಿನ್ನದ ಪದಕ ಮಾಡಿಸಲು ಹೋದರೆ ಅಕ್ಕಸಾಲಿಗರ ಕೂಲಿಗೂ ಸಾಲದು. ಅಸಲು ಯಾರೂ ಕದಿಯಲಿಲ್ಲ, ಬಡ್ಡಿಯೂ ಸರಿಯಾಗಿ ಬಂತು. ಆದರೂ ದತ್ತಿ ಬಡವಾಯಿತು.

ಕಾರಣ ಲೆಕ್ಕದಲ್ಲಿದೆ. ಒಂದು ಕೋಟಿ ರೂಪಾಯಿಯನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದೀರಿ ಎಂದುಕೊಳ್ಳಿ. ವರ್ಷಕ್ಕೆ 7 ಲಕ್ಷ ಬರುತ್ತದೆ. ಒಬ್ಬರಿಗೆ 70 ಸಾವಿರದಂತೆ ಹತ್ತು ಹುಡುಗಿಯರ ಫೀಸು ಕಟ್ಟಬಹುದು. ಪೂರ್ತಿ 7 ಲಕ್ಷವನ್ನೂ ಪ್ರತಿ ವರ್ಷ ಹಂಚಿದರೆ ಅಸಲು ಒಂದು ಕೋಟಿಯಲ್ಲೇ ನಿಲ್ಲುತ್ತದೆ. ಫೀಸು ಮಾತ್ರ ನಿಲ್ಲುವುದಿಲ್ಲ. ವರ್ಷಕ್ಕೆ ಶೇ 6ರಂತೆ ಏರಿದರೂ ಹನ್ನೆರಡು ವರ್ಷದಲ್ಲಿ ಎರಡರಷ್ಟು, ಇಪ್ಪತ್ತನಾಲ್ಕು ವರ್ಷದಲ್ಲಿ ನಾಲ್ಕರಷ್ಟು. ಆಗ ಅದೇ 7 ಲಕ್ಷದಲ್ಲಿ ಓದಿಸಲು ಆಗುವುದು ಇಬ್ಬರನ್ನು, ಜಗ್ಗಾಡಿದರೆ ಮೂವರನ್ನು.

ಹಾಗಾಗಿ ದತ್ತಿ ಬಾಳಬೇಕಾದರೆ ಬಂದ ಆದಾಯದಲ್ಲಿ ಒಂದು ಭಾಗ ಮತ್ತೆ ಅಸಲಿಗೆ ಸೇರಬೇಕು. ಇಲ್ಲವೇ ಅಸಲೇ ತನ್ನಷ್ಟಕ್ಕೆ ಬೆಳೆಯುವ ರೂಪದಲ್ಲಿ ಇರಬೇಕು. ಲೆಟ್ಟಿ ಅವರು 1934ರಲ್ಲಿ ಪಡೆದ ಷೇರು ಎರಡನೆಯ ಬಗೆಯದು.

ಒಂದು ಷೇರಿನ ಪಯಣ ನೋಡೋಣ. ಕೋಕಾ-ಕೋಲಾ 1919ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿದಾಗ ಒಂದರ ಬೆಲೆ 40 ಡಾಲರ್. ಷೇರಿನ ಬೆಲೆ ತೀರ ಏರಿದಾಗ ಕಂಪನಿಗಳು ಒಂದನ್ನು ಎರಡೋ ಮೂರೋ ಆಗಿ ಒಡೆಯುತ್ತವೆ. ಒಡೆದ ಮಾತ್ರಕ್ಕೆ ಯಾರೂ ಶ್ರೀಮಂತರಾಗುವುದಿಲ್ಲ, ಆದರೆ ಮತ್ತೆ ಮತ್ತೆ ಒಡೆಯಬೇಕಾಗಿ ಬಂತು ಎಂದರೆ ಬೆಲೆ ಮತ್ತೆ ಮತ್ತೆ ಏರಿತು ಎಂದರ್ಥ. 1919ರ ಒಂದು ಷೇರು ಹೀಗೆ ಒಡೆದು ಒಡೆದು 2012ರ ಹೊತ್ತಿಗೆ 9,216 ಷೇರುಗಳಾಗಿದೆ. ಪ್ರತಿಷ್ಠಾನ ಹುಟ್ಟಿದ 1946ರಿಂದ ಲೆಕ್ಕ ಹಾಕಿದರೂ ಅಂದಿನ ಒಂದು ಇಂದಿನ 1,152. ಅದರ ಮೇಲೆ ಲಾಭಾಂಶ, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು, ಬೇರೆ. ಅರವತ್ತಕ್ಕೂ ಹೆಚ್ಚು ವರ್ಷದಿಂದ ಕಂಪನಿ ಒಂದು ವರ್ಷವೂ ಬಿಡದೆ ಲಾಭಾಂಶವನ್ನು ಹೆಚ್ಚಿಸುತ್ತ ಬಂದಿದೆ.

ಲಾಭಾಂಶದ ಈ ಗುಣವೇ ವಿದ್ಯಾರ್ಥಿವೇತನಕ್ಕೆ ಮುಖ್ಯ. 1998ರಲ್ಲಿ ಕೋಕಾ-ಕೋಲಾ ಷೇರು ಮುಟ್ಟಿದ ಎತ್ತರವನ್ನು ಮತ್ತೆ ದಾಟಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಬೆಲೆಯನ್ನೇ ನೋಡುವವರಿಗೆ ಅದು ಬರಗಾಲ. ಲಾಭಾಂಶ ನೋಡುವ ದತ್ತಿಗೆ ಆ ವರ್ಷಗಳಲ್ಲೂ ಆದಾಯ ಏರುತ್ತಲೇ ಇತ್ತು. ಹುಡುಗಿಯ ಫೀಸು ಕಟ್ಟಬೇಕಾದದ್ದು ಷೇರು ಪೇಟೆ ಏರಿದ ದಿನವಲ್ಲ, ಸೆಮಿಸ್ಟರ್ ಶುರುವಾಗುವ ದಿನ. ದತ್ತಿಯ ಆದಾಯ ವರ್ಷದಿಂದ ವರ್ಷಕ್ಕೆ ಕುಪ್ಪಳಿಸದೆ ನಿಧಾನವಾಗಿ ಏರಬೇಕು.

ಇದರಿಂದ ಎಲ್ಲ ಹಣವನ್ನೂ ಒಂದೇ ಕಂಪನಿಯ ಷೇರಿನಲ್ಲಿ ಇಡಬೇಕು ಎಂಬ ಪಾಠ ಕಲಿಯಬಾರದು. 1930ರ ದಶಕದಲ್ಲಿ ಹೆಸರು ಮಾಡಿದ್ದ ಎಷ್ಟೋ ಅಮೆರಿಕನ್ ಕಂಪನಿಗಳು ಇವತ್ತು ಇಲ್ಲ. ಅವುಗಳ ಷೇರಿನ ಮೇಲೆ ನಿಂತ ದತ್ತಿಗಳ ಕಥೆಯನ್ನು ಬರೆಯುವವರಿಲ್ಲ ಅಷ್ಟೆ. ಲೆಟ್ಟಿ ಆ ವ್ಯಾಪಾರವನ್ನು ಮೂವತ್ತು ವರ್ಷ ಒಳಗಿನಿಂದ ಕಂಡವರು, ಮುಂದೆ ಮಂಡಳಿಯಲ್ಲೂ ಕೂತವರು. ಹೊರಗಿನವರಿಗೆ ಜೂಜಿನಂತೆ ಕಂಡದ್ದು ಅವರಿಗೆ ಗೊತ್ತಿದ್ದ ಸರಕಾಗಿತ್ತು.

ವರ್ಷಕ್ಕೆ ಎಷ್ಟು ತೆಗೆಯಬೇಕು

ಅಸಲು ಬೆಳೆಯುತ್ತಿದೆ ಎಂದು ಹಂಚದೆ ಕೂತರೆ ಅದು ದಾನವಾಗುವುದಿಲ್ಲ, ತೆರಿಗೆ ಇಲ್ಲದ ಖಜಾನೆಯಾಗುತ್ತದೆ. ಅಮೆರಿಕದಲ್ಲಿ ಹಾಗೆ ನಡೆದದ್ದೂ ಉಂಟು. ಕುಟುಂಬದ ಷೇರುಗಳನ್ನು ಪ್ರತಿಷ್ಠಾನದ ಹೆಸರಿಗೆ ಬರೆದು, ತೆರಿಗೆ ಉಳಿಸಿ, ಕಂಪನಿಯ ಹಿಡಿತವನ್ನೂ ಉಳಿಸಿಕೊಂಡು, ದಾನವನ್ನು ಮಾತ್ರ ಮುಂದೂಡುತ್ತಿದ್ದರು. 1969ರ ತೆರಿಗೆ ಸುಧಾರಣಾ ಕಾಯ್ದೆ ಇದಕ್ಕೆ ಮೂಗುದಾರ ಹಾಕಿತು. ಖಾಸಗಿ ಪ್ರತಿಷ್ಠಾನ ಪ್ರತಿ ವರ್ಷ ಕನಿಷ್ಠ ಇಷ್ಟು ಹಂಚಲೇಬೇಕು ಎಂದಾಯಿತು. ಈಗಿನ ನಿಯಮದ ಪ್ರಕಾರ ಹೂಡಿಕೆಯ ಒಟ್ಟು ಮೌಲ್ಯದ ಸುಮಾರು ಶೇ 5. ಒಂದು ಕಂಪನಿಯಲ್ಲಿ ಪ್ರತಿಷ್ಠಾನ ಮತ್ತು ಅದರ ಹತ್ತಿರದವರು ಸೇರಿ ಎಷ್ಟು ಪಾಲು ಹಿಡಿದಿರಬಹುದು ಎಂಬುದಕ್ಕೂ ಮಿತಿ ಬಂತು.

ಶೇ 5 ಎಂಬುದು ಆದಾಯದಲ್ಲಿ ಅಲ್ಲ, ಆಸ್ತಿಯ ಮೌಲ್ಯದಲ್ಲಿ ಎಂಬುದನ್ನು ಗಮನಿಸಿ. ಹೂಡಿಕೆ ವರ್ಷಕ್ಕೆ ಸರಾಸರಿ ಶೇ 8 ಬೆಳೆದರೆ, 5 ಹಂಚಿದ ಮೇಲೆ 3 ಉಳಿದು ಬೆಲೆಯೇರಿಕೆಯನ್ನು ತಾಳಿಕೊಳ್ಳುತ್ತದೆ. ಬೆಳವಣಿಗೆ ಕಡಿಮೆಯಾದ ವರ್ಷದಲ್ಲೂ 5 ಹಂಚಲೇಬೇಕು, ಆಗ ಅಸಲು ಸ್ವಲ್ಪ ಸವೆಯುತ್ತದೆ. ಇಂದಿನ ವಿದ್ಯಾರ್ಥಿನಿಗೂ ನಲವತ್ತು ವರ್ಷದ ಮೇಲೆ ಬರುವ ವಿದ್ಯಾರ್ಥಿನಿಗೂ ನಡುವೆ ಕಾನೂನು ಮಾಡಿದ ಪಂಚಾಯಿತಿ ಇದು. ಯಾರಿಗೂ ಪೂರ್ತಿ ತೃಪ್ತಿ ಇಲ್ಲ, ಯಾರಿಗೂ ಪೂರ್ತಿ ಮೋಸವೂ ಇಲ್ಲ.

ಹಣ ಹುಡುಗಿಯ ಕೈ ಸೇರುವ ದಾರಿ

ವಿದ್ಯಾರ್ಥಿನಿಯರಿಂದ ಈ ಪ್ರತಿಷ್ಠಾನ ನೇರವಾಗಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಒಂಬತ್ತು ರಾಜ್ಯಗಳ ಕಾಲೇಜುಗಳಿಗೆ ವರ್ಷ ವರ್ಷವೂ ಅನುದಾನ ಕೊಡುತ್ತದೆ. ಆಯ್ಕೆ ಕಾಲೇಜಿನ ನೆರವು ವಿಭಾಗದ್ದು. ಇದರಲ್ಲಿ ಎರಡು ಲಾಭ. ಸಾವಿರಾರು ಅರ್ಜಿ ಓದಲು ಪ್ರತಿಷ್ಠಾನ ದೊಡ್ಡ ಕಚೇರಿ ಸಾಕಬೇಕಿಲ್ಲ. ಯಾವ ಹುಡುಗಿಯ ಅಪ್ಪನ ಕೆಲಸ ಹೋಗಿದೆ, ಯಾರು ಎರಡು ಕಡೆ ದುಡಿದು ಓದುತ್ತಿದ್ದಾರೆ ಎಂಬುದು ಕಾಲೇಜಿಗೆ ಗೊತ್ತಿರುವಷ್ಟು ಅಟ್ಲಾಂಟಾದ ಪ್ರತಿಷ್ಠಾನದ ಕಚೇರಿಯಲ್ಲಿ ಕೂತವರಿಗೆ ಗೊತ್ತಾಗದು. ಇನ್ನೊಂದು ಅನುಕೂಲವೂ ಇದೆ. ಗಂಟನ್ನೇ ಕಾಲೇಜಿಗೆ ಕೊಟ್ಟುಬಿಟ್ಟರೆ ಮುಂದೆ ಕೇಳಲು ಯಾರೂ ಇರುವುದಿಲ್ಲ. ವರ್ಷಕ್ಕೊಮ್ಮೆ ಕೊಡುವ ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ಕೇಳಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಒಬ್ಬಳಿಗೆ ಕಾಲೇಜು ತನ್ನ ಹಣದಿಂದ ಐದು ಸಾವಿರ ಡಾಲರ್ ನೆರವು ಕೊಡುತ್ತಿದೆ ಎಂದುಕೊಳ್ಳಿ. ಹೊರಗಿನ ದತ್ತಿಯಿಂದ ಅವಳಿಗೆ ಮೂರು ಸಾವಿರ ಬಂತು. ಕಾಲೇಜು ತನ್ನ ನೆರವನ್ನು ಎರಡು ಸಾವಿರಕ್ಕೆ ಇಳಿಸಿದರೆ ಅವಳ ಕೈಗೆ ಸಿಕ್ಕಿದ್ದು ಮೊದಲಿನ ಐದೇ. ದಾನಿಯ ಮೂರು ಸಾವಿರ ಸೇರಿದ್ದು ಕಾಲೇಜಿನ ಖಜಾನೆಗೆ. ಉಳಿದ ಹಣದಲ್ಲಿ ಇನ್ನೊಬ್ಬ ಬಡ ವಿದ್ಯಾರ್ಥಿನಿಗೆ ನೆರವಾದರೆ ಅದು ಮೋಸವಲ್ಲ. ಕಟ್ಟಡದ ಬಣ್ಣಕ್ಕೆ ಹೋದರೆ ಮಾತ್ರ ಬೇಸರದ ಸಂಗತಿ. ಅಮೆರಿಕದಲ್ಲಿ ಇದು ಎಷ್ಟು ದೊಡ್ಡ ದೂರಾಯಿತೆಂದರೆ ಕೆಲವು ರಾಜ್ಯಗಳು ಇದರ ವಿರುದ್ಧ ಕಾನೂನನ್ನೇ ಮಾಡಿವೆ. ವಿದ್ಯಾರ್ಥಿವೇತನ ಸ್ಥಾಪಿಸುವವರು ಕಾಲೇಜನ್ನು ಮೊದಲೇ ಕೇಳಬೇಕಾದ ಪ್ರಶ್ನೆ ಇದು: ನಮ್ಮ ಹಣ ಬಂದರೆ ನಿಮ್ಮದನ್ನು ಕಡಿಮೆ ಮಾಡುತ್ತೀರಾ? ನಮ್ಮ ಹಣದಿಂದ ಮೊದಲು ಅವಳ ಸಾಲ ತಗ್ಗುತ್ತದೆಯೋ, ನಿಮ್ಮ ಖರ್ಚು ತಗ್ಗುತ್ತದೆಯೋ?

ಷರತ್ತಿನ ಬಿಗಿ

ಹೆಣ್ಣುಮಗಳಾಗಿರಬೇಕು, ಹಣದ ಅಗತ್ಯ ಇರಬೇಕು, ಒಂಬತ್ತು ರಾಜ್ಯಗಳಲ್ಲಿ ಒಂದಕ್ಕೆ ಸೇರಿರಬೇಕು, ಕ್ರೈಸ್ತಳಾಗಿರಬೇಕು. ಮೊದಲ ಮೂರನ್ನು ನಾನು ಮನಸಾರೆ ಒಪ್ಪುತ್ತೇನೆ. ನಾಲ್ಕನೆಯದು ನನಗೆ ನೋವು ಕೊಡುತ್ತದೆ. ಅಟ್ಲಾಂಟಾದ ಯಹೂದಿ ಹುಡುಗಿಯ ಬಡತನ, ಅಲ್ಲೇ ನೆಲೆಸಿದ ನಮ್ಮ ಕಡೆಯ ಹಿಂದೂ ಅಥವಾ ಮುಸ್ಲಿಂ ಮನೆಯ ಹುಡುಗಿಯ ಬಡತನ ಬೇರೆಯ ಬಗೆಯದೇನಲ್ಲ. ಆದರೆ ಅದು 1940ರ ದಶಕದ ಅಮೆರಿಕದ ದಕ್ಷಿಣ. ಕಾಲೇಜುಗಳಲ್ಲಿ ಬಿಳಿಯರು, ಕರಿಯರು ಬೇರೆ ಬೇರೆಯಾಗಿದ್ದ ಕಾಲ. ದಾನಿಯ ಜಗತ್ತು ಎಷ್ಟು ಅಗಲವೋ ಷರತ್ತೂ ಅಷ್ಟೇ ಅಗಲ.

ಷರತ್ತು ಹಳತಾಯಿತು ಎಂಬ ಕಾರಣಕ್ಕೆ ಬದಲಾಯಿಸಲು ಕಾನೂನು ಸುಲಭವಾಗಿ ಬಿಡುವುದಿಲ್ಲ. ಅದನ್ನು ಪಾಲಿಸುವುದು ಅಸಾಧ್ಯವಾದಾಗ ಅಥವಾ ಕಾನೂನಿಗೇ ವಿರುದ್ಧವಾದಾಗ, ದಾನಿಯ ಉದ್ದೇಶಕ್ಕೆ ಆದಷ್ಟು ಹತ್ತಿರದ ಬೇರೆ ಉದ್ದೇಶಕ್ಕೆ ಹಣ ತಿರುಗಿಸಲು ಕೋರ್ಟು ಒಪ್ಪಬಹುದು. ನಮ್ಮ ದೇಶದಲ್ಲೂ ಸಾರ್ವಜನಿಕ ಟ್ರಸ್ಟುಗಳ ವಿಷಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಇದಕ್ಕೆ ದಾರಿ ಇಟ್ಟಿದೆ. ಆ ದಾರಿ ಉದ್ದ, ಖರ್ಚಿನದು.

ಹಾಗೆ ನೋಡಿದರೆ ಈ ವಿದ್ಯಾರ್ಥಿವೇತನದ ಜಾಣತನ ಇರುವುದು ಹೇಳದೆ ಬಿಟ್ಟ ಮಾತಿನಲ್ಲಿ. ಯಾವ ವಿಷಯ ಓದಬೇಕು ಎಂದು ಅದು ಕಟ್ಟಿಹಾಕಲಿಲ್ಲ. 1946ರಲ್ಲಿ ಹೆಣ್ಣುಮಕ್ಕಳಿಗೆ ವ್ಯಾಪಾರ ಸಂಬಂಧಿ ಓದು ಎಂದರೆ ಬಹುಮಟ್ಟಿಗೆ ಶೀಘ್ರಲಿಪಿ, ಬೆರಳಚ್ಚು, ಲೆಕ್ಕದ ಪುಸ್ತಕ. ‘ಸೆಕ್ರೆಟರಿ ತರಬೇತಿಗೆ’ ಎಂದು ಬರೆದಿದ್ದರೆ ಅದು ಇವತ್ತು ಯಾರಿಗೂ ಬೇಡದ ದತ್ತಿಯಾಗಿರುತ್ತಿತ್ತು. ವಿಷಯವನ್ನು ತೆರೆದಿಟ್ಟದ್ದರಿಂದ ಅದೇ ಹಣ ಇವತ್ತು ಫೈನಾನ್ಸ್ ಓದುವವಳಿಗೂ ಸಿಗಬಹುದು.

ಲೆಟ್ಟಿ ತಮ್ಮ ಹಣವನ್ನು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯದ ಸಂಸ್ಥೆಗಳಿಗೂ ಕೊಟ್ಟರು. ಅವರ ಹೆಸರಿನ ಇನ್ನೊಂದು ನಿಧಿಯ ಆದಾಯ ಹೋಗುವ ಸಂಸ್ಥೆಗಳಲ್ಲಿ ಜಾರ್ಜಿಯಾ ಟೆಕ್ ಮತ್ತು ವರ್ಜೀನಿಯಾದ ವಾಷಿಂಗ್ಟನ್ ಆ್ಯಂಡ್ ಲೀ ವಿಶ್ವವಿದ್ಯಾಲಯ ಸೇರಿವೆ. ಜಾರ್ಜಿಯಾ ಟೆಕ್ ತನ್ನ ಖಾಯಂ ತರಗತಿಗಳಿಗೆ ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪಿದ್ದು 1952ರಲ್ಲಿ, ಅವರು ತೀರಿಕೊಳ್ಳುವ ಒಂದು ವರ್ಷ ಮೊದಲು. ವಾಷಿಂಗ್ಟನ್ ಆ್ಯಂಡ್ ಲೀಯಲ್ಲಿ 1906ರಿಂದಲೇ ವಾಣಿಜ್ಯ ಶಾಲೆ ಇತ್ತು. ಪದವಿ ತರಗತಿಗೆ ಹುಡುಗಿಯರು ಬಂದದ್ದು 1985ರಲ್ಲಿ. ಅಂದರೆ ಅಲ್ಲಿ ಒಬ್ಬ ವ್ಯಾಪಾರಗಾರ್ತಿಯ ಹಣ ಮೂವತ್ತು ವರ್ಷ ಗಂಡುಹುಡುಗರ ತರಗತಿಗಳನ್ನು ಸಾಕಿತು. ಬಾಗಿಲು ತೆರೆದಾಗ ನಿಧಿ ಅಲ್ಲೇ ಇತ್ತು, ಒಳಗೆ ಬಂದ ಹುಡುಗಿಯರಿಗೂ ಒದಗಿತು. ಜಾರ್ಜಿಯಾ ಟೆಕ್‌ನ ಗುರುತಾದ, ನಾಲ್ಕೂ ಕಡೆ ಟೆಕ್ ಎಂಬ ಅಕ್ಷರ ಬೆಳಗುವ ಗೋಪುರದ ಕಟ್ಟಡಕ್ಕೆ ಈಗ ಅವರ ಹೆಸರಿದೆ.

ನಮ್ಮಲ್ಲಿ ಹೀಗೆ ಮಾಡಲಾಗುತ್ತದೆಯೇ

ಪೂರ್ತಿ ಹೀಗೆಯೇ ಆಗದು. ಭಾರತದ ತೆರಿಗೆ ಕಾನೂನಿನ ಪ್ರಕಾರ ವಿನಾಯಿತಿ ಪಡೆಯುವ ಟ್ರಸ್ಟು ತನ್ನ ಆದಾಯದ ಶೇ 85ನ್ನು ಉದ್ದೇಶಕ್ಕೆ ಬಳಸಬೇಕು. ಸಾಮಾನ್ಯವಾಗಿ ಉಳಿಸಿಕೊಳ್ಳಬಹುದಾದದ್ದು 15. ಅಮೆರಿಕದ ಅಳತೆಗೋಲು ಆಸ್ತಿ, ನಮ್ಮದು ಆದಾಯ. ಬ್ಯಾಂಕ್ ಠೇವಣಿಯಲ್ಲಿ ಹಣ ಇಟ್ಟ ಟ್ರಸ್ಟಿಗೆ ಇದರಿಂದ ಪೆಟ್ಟು ಹೆಚ್ಚು. ಶೇ 7ರ ಬಡ್ಡಿಯಲ್ಲಿ ಸುಮಾರು 6 ಖರ್ಚಾಗಿ, ಅಸಲಿಗೆ ಸೇರುವುದು ಒಂದೇ ಒಂದು.

ಲೆಟ್ಟಿಯವರಂತೆ ಕಂಪನಿಯ ಷೇರನ್ನೇ ಟ್ರಸ್ಟಿನಲ್ಲಿ ಇಡೋಣವೆಂದರೆ, ವಿನಾಯಿತಿ ಪಡೆಯುವ ಟ್ರಸ್ಟುಗಳು ಹಣ ಹೂಡಬಹುದಾದ ಪಟ್ಟಿಯಲ್ಲಿ ಖಾಸಗಿ ಕಂಪನಿಗಳ ಷೇರಿಗೆ ಸಾಮಾನ್ಯವಾಗಿ ಜಾಗವಿಲ್ಲ. ಹಾಗಾದರೆ ಟಾಟಾ ಟ್ರಸ್ಟುಗಳು ಟಾಟಾ ಸಮೂಹದ ಮೂಲ ಕಂಪನಿಯಾದ ಟಾಟಾ ಸನ್ಸ್‌ನ ಸುಮಾರು ಶೇ 66 ಪಾಲನ್ನು ಹೇಗೆ ಹಿಡಿದಿವೆ? 1973ರ ಜೂನ್ 1ಕ್ಕೆ ಮೊದಲೇ ಮೂಲನಿಧಿಯಲ್ಲಿದ್ದ ಷೇರುಗಳಿಗೆ ಕಾನೂನು ರಿಯಾಯಿತಿ ಕೊಟ್ಟಿದೆ. ಆ ದಿನಾಂಕದ ನಂತರ ಹುಟ್ಟಿದ ಟ್ರಸ್ಟಿಗೆ ಆ ಬಾಗಿಲು ಮುಚ್ಚಿದೆ.

ಮ್ಯೂಚುವಲ್ ಫಂಡಿನ ಬಾಗಿಲು ಮಾತ್ರ ತೆರೆದಿದೆ. ತಾಯಿಯ ಹೆಸರಿನಲ್ಲೋ ಅಕ್ಕನ ಹೆಸರಿನಲ್ಲೋ ಬಿ.ಕಾಂ., ಎಂಬಿಎ ಓದುವ ಹುಡುಗಿಯರಿಗೆ ದತ್ತಿ ಇಡಬೇಕೆಂದಿರುವವರು ಲೆಕ್ಕಪರಿಶೋಧಕರ ಜೊತೆ ಕೂತು, ಮೂಲನಿಧಿಯ ಎಷ್ಟು ಭಾಗ ಠೇವಣಿಯಲ್ಲಿ, ಎಷ್ಟು ಭಾಗ ಫಂಡಿನಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕೊಡುವ ಮೊತ್ತವನ್ನು ದತ್ತಿಪತ್ರದಲ್ಲಿ ರೂಪಾಯಿಯಲ್ಲಿ ಬರೆಯದೆ ನಿಧಿಯ ಶೇಕಡಾವಾರಿನಲ್ಲಿ ಬರೆಯಬೇಕು. ಕೋರ್ಸಿನ ಹೆಸರು ಅಳಿದರೆ, ಕಾಲೇಜು ಮುಚ್ಚಿದರೆ ಹಣ ಎಲ್ಲಿಗೆ ಹೋಗಬೇಕು ಎಂಬ ಒಂದು ಸಾಲನ್ನೂ ಸಹಿ ಹಾಕುವ ಮೊದಲೇ ಸೇರಿಸಬೇಕು.